ಬಾಳವ್ವನ ಹೆಪ್ಪು

ತೇಲುಕೇರಿ
ಫೆಬ್ರವರಿ ಮೂವತ್ತು, ಇಸವಿ ೨೧೯೪

ಹಿಂದಿನ ಕಾಲದವರಿಗೆ ತಂಗೆವ್ವ ಮಾಡುವ ನಮಸ್ಕಾರ.

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ, ಮಿಕ್ಕಿದ್ದು ಹಬ್ಬಕ್ಕೆ. ಫೆಬ್ರವರಿಗೂ ಕಡೆಗೆ ನ್ಯಾಯ ಸಿಕ್ಕಿತು. ನಾನು ಓದಿದ್ದು ನಾಲ್ಕನೇ ಇಯತ್ತೆ. ನಿಮಗೆ ತಿಳಿಯದ ಮಾತು ನಡುವೆ ಬಂದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮ ಊರು ಆಣೆಕಟ್ಟಿನ ಹಿನ್ನೀರಿನ ಮೇಲೆ ತೇಲುತ್ತದೆ. ಮನೆಯಿಂದ ಮನೆಗೆ ಹಲಗೆಯ ದಾರಿ. ಇಲ್ಲಿ ಯಾರೂ ಹೆಪ್ಪನ್ನು ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಕೇರಿಯ ಹಿರಿಯ ಹೆಂಗಸು ಸಂಜೆ ಮನೆಮನೆಗೆ ನಡೆದು ಹಾಲಿಗೆ ಹೆಪ್ಪು ಹಾಕಬೇಕು, ಅದು ಪದ್ಧತಿ. ಆ ಕೆಲಸ ನನ್ನ ವಾರಗಿತ್ತಿ ಬಾಳವ್ವನದು. ಯಾರ ಮನೆಯಲ್ಲಿ ಬಾಣಂತಿ, ಯಾರಿಗೆ ಹುಳಿ ಆಗದು, ಯಾವ ಸೊಸೆ ಪಾತ್ರೆ ತಿಕ್ಕಿಲ್ಲ, ಎಲ್ಲ ಅವಳ ತಲೆಯಲ್ಲಿತ್ತು. ನಾಲಿಗೆಯ ಮೇಲೂ ಇತ್ತು.

ಒಮ್ಮೆ ಹಲಗೆಯ ಮೇಲೆ ಜಾರಿದಳು. ಪಂಚರು ಮರುಕಪಟ್ಟು ಅವಳಿಗೆ ಹೊರುಕುರ್ಚಿ ಕೊಟ್ಟರು. ಅದು ಕೂತವರನ್ನು ಬಚ್ಚಲಿನವರೆಗೂ ಹೊತ್ತೊಯ್ಯುತ್ತದೆ. ಹೆಪ್ಪು ಹಾಕಲು ತಾನೇಬಂಡಿ ಬಂತು. ದೂಡುವವರಿಲ್ಲದೆ ಉರುಳುವ ಗಾಡಿ. ಮುದುಕಿಗೆ ವಿಶ್ರಾಂತಿ ಬೇಕಂತೆ. ಕಟ್ಟಿಹಾಕಿದ ಎಮ್ಮೆಯ ಗೊರಸೇ ಕೆಡುತ್ತದೆ, ಇನ್ನು ಮನುಷ್ಯರ ತಲೆ ಕೆಡದೇ ಎಂದೆ. ಕೇಳುವವರಿರಲಿಲ್ಲ. ಮಳೆಗಾಲ ಮುಗಿಯುವುದರೊಳಗೆ ಬಾಳವ್ವ ಮೊದಲು ಮನೆಗಳನ್ನು ಮರೆತಳು, ಆಮೇಲೆ ಮನುಷ್ಯರನ್ನು. ನನ್ನನ್ನು ಸತ್ತುಹೋದ ಅತ್ತೆ ಎಂದುಕೊಂಡು ಸೆರಗು ಸರಿಮಾಡಿ ಏಳಲು ನೋಡುತ್ತಿದ್ದಳು. ಜೀವಮಾನವೆಲ್ಲ ಜಗಳಾಡಿದವಳು ನನಗೆ ಮರ್ಯಾದೆ ಕೊಡತೊಡಗಿದಾಗ ನನಗೆ ಹೆದರಿಕೆಯಾಯಿತು.

ಒಂದು ಸಂಜೆ ತಾನೇಬಂಡಿಯ ಹೊಟ್ಟೆಗೆ ಒಂದು ಚರಿಗೆ ಮಜ್ಜಿಗೆ ಸುರಿದೆ. ಬಿಕ್ಕಿ ನಿಂತಿತು. ಪಂಚರು ಬೈದರು, ನಾನೂ ಬೈದೆ. ರಿಪೇರಿಯವನು ಬರಲು ತಿಂಗಳುಗಟ್ಟಲೆ ಬೇಕು, ಅಲ್ಲಿಯತನಕ ಹೆಪ್ಪು ಯಾರಾದರೂ ಹಾಕಲೇಬೇಕಲ್ಲ. ಬಾಳವ್ವನ ಕೈಗೆ ಹೆಪ್ಪಿನ ಗಡಿಗೆ ಕೊಟ್ಟು, ಮೊಣಕೈ ಹಿಡಿದು ಎಬ್ಬಿಸಿದೆ. ಮೊದಮೊದಲು ಎರಡು ಮನೆಗೇ ಏದುಸಿರು. ಒಬ್ಬರ ಮನೆಯಲ್ಲಿ ಗಂಜಿಗೂ ಹೆಪ್ಪು ಹಾಕಿದಳು. ಕೇರಿಯವರು ನಕ್ಕರು, ಆದರೂ ಬಾಗಿಲಲ್ಲಿ ನಿಂತು ಕಾದರು. ಕಾಯುವವರಿದ್ದರೆ ಕಾಲು ತಾನಾಗಿ ಏಳುತ್ತದೆ. ಹೋದದ್ದೆಲ್ಲ ತಿರುಗಿ ಬರದು, ಉಳಿದದ್ದು ಉಳಿದೀತು ಎಂದಳು ವೈದ್ಯೆ. ಅಷ್ಟೇ ಆಗಲಿ.

ನಿನ್ನೆ ನನಗೆ ಜ್ವರ. ಬಾಳವ್ವ ಒಬ್ಬಳೇ ಹಲಗೆ ದಾಟಿ ಬಂದು, ನನ್ನ ಹಾಲಿನ ಗಡಿಗೆಯೊಳಗೆ ಇಣುಕಿ, ಮೂಗು ಮುರಿದಳು.

"ತಂಗೆವ್ವಾ, ಗಡಿಗಿ ತಿಕ್ಕೂದು ಈ ಜನ್ಮದಾಗ ಕಲಿತೀಯೋ ಇಲ್ಲೋ?"

ನನ್ನ ಹೆಸರು ಅವಳ ಬಾಯಲ್ಲಿ ಕೇಳಿ ವರ್ಷವಾಗಿತ್ತು. ಜ್ವರದಲ್ಲೇ ಎದ್ದು, ಹಾಲು ಬೇರೆ ಪಾತ್ರೆಗೆ ಸುರಿದು, ಗಡಿಗೆ ತಿಕ್ಕಲು ಕೂತೆ.

ನಿಮ್ಮಲ್ಲಿ ಒಂದೇ ಬೇಡಿಕೆ. ಮನೆಯ ಮುದುಕಿಗೆ ಕೂತುಕೋ ಎನ್ನುವ ಮುಂಚೆ ಅವಳ ಕೈಯಲ್ಲಿ ಏನಿದೆ ನೋಡಿ. ಅದನ್ನು ಕಸಿಯಬೇಡಿ. ಇಲ್ಲಿನ ಚಿಂತೆ ನಿಮಗೆ ಬೇಡ. ನಾಳೆ ರಿಪೇರಿಯವನು ಬರುತ್ತಾನಂತೆ; ಬರಲಿ. ನಮ್ಮ ಮನೆಯಲ್ಲಿ ಮಜ್ಜಿಗೆಗೆ ಬರವಿಲ್ಲ.

ತಂಗೆವ್ವ