ಹ್ಯಾಚರ್ ಸಾಹೇಬರ ಜಾನ್, ನಮ್ಮ ಜಟ್ಟ

೯ ಜನವರಿ ೧೯೬೭, ಹೊನ್ನಾವರ

ಇವತ್ತೂ ಜಾನ್. ಬೆಳಿಗ್ಗೆಯಿಂದ ಟೈಪ್ ಮಾಡಿದ್ದು ಬರೇ ಜಾನ್. ಕಾಸರಕೋಡಿನ ಬರ್ಫದ ಕಾರ್ಖಾನೆಯ ರಿಪೋರ್ಟ್ ಹಾಗೇ ಬಿದ್ದಿದೆ. ಮೀನು ಕೆಡದ ಹಾಗೆ ಇಡುವುದು ಹೇಗೆಂದು ನಮ್ಮ ಮೀನಿನ ಕಂಪನಿಗೆ ಹೇಳಿಕೊಡಲು ಅಮೇರಿಕದಿಂದ ಬಂದ ಮನುಷ್ಯ ಹ್ಯಾಚರ್ ಸಾಹೇಬರು. ಅವರಿಗೆ ಅವಸರ ಇರುವುದು ತಮ್ಮ ವಂಶಾವಳಿಯದ್ದು. ಪುಸ್ತಕ ಮಾಡಿಸುತ್ತಾರಂತೆ. ಮೊದಲನೇ ಜಾನ್ ಹಡಗಿನಿಂದ ಇಳಿದ, ಕಾಡು ಕಡಿದ, ಹೊಲ ಮಾಡಿದ. ಅವನ ಮಗ ಸ್ಯಾಮ್ಯುಯೆಲ್. ಅವನ ಮಗ ಮತ್ತೆ ಜಾನ್. ಮತ್ತೆ ಸ್ಯಾಮ್ಯುಯೆಲ್. ನಮ್ಮ ಮನೆಯ ಹಾಗೆಯೇ — ಅಜ್ಜನ ಹೆಸರು ಮೊಮ್ಮಗನಿಗೆ. ಇವರು ಮಾತ್ರ ಒಂದು, ಎರಡು, ಮೂರು ಎಂದು ನಂಬರು ಹಾಕುತ್ತಾರೆ.

‘ಅಲ್ಲಿ ಮೊದಲು ಯಾರಿದ್ದರು ಸರ್?’ ಎಂದೆ.

‘ಇಂಡಿಯನ್ಸ್’ ಎಂದರು. ನನ್ನ ಮುಖ ನೋಡಿ, ‘ನೀವಲ್ಲ, ಬೇರೆ’ ಎಂದರು.

ಆಮೇಲೆ ಹೇಳಿ ಬರೆಸಿದರು — ಜಮೀನು ಖಾಲಿ ಇತ್ತು. ಟೈಪ್ ಮಾಡಿದೆ. ನನಗೇನು.

ಊರ ಹತ್ತಿರದ ಕೆಲಸ ಎಂದು ಗಿರಗಾಂವದ ಖೋಲಿ ಬಿಟ್ಟು ಬಂದೆ. ಬೊಂಬಾಯಿಯಲ್ಲೇ ಇರಬೇಕಿತ್ತು. ಇಲ್ಲಿ ಸಂಜೆಯಾದರೆ ಕಾಲು ನಿಲ್ಲುವುದಿಲ್ಲ. ಬಂದರಿನವರೆಗೆ ಹೋಗುತ್ತೇನೆ, ಬರುತ್ತೇನೆ.

೧೭ ಜನವರಿ

ಎರಡು ಹಾಳೆ ಹರಿದು ಹಾಕಿದೆ. ಸಿಟ್ಟಿಗೆ.

ಕಾರ್ಖಾನೆಗೆ ಹೋಗುವ ಜಾಗದ ವಿವರ ಟೈಪ್ ಮಾಡಲು ಕೊಟ್ಟರು. ಅದರಲ್ಲಿ ನಮ್ಮ ಅಜ್ಜಿಯ ಗಜನಿ ಗದ್ದೆ. ಉಪ್ಪುನೀರಿಗೆ ಒಡ್ಡು ಹಾಕಿ ಕಗ್ಗ ಭತ್ತ ಬೆಳೆಯುವ ಗದ್ದೆ. ಮನೆ ಅಂಗಳವೂ ಸೇರಿದೆ. ಮುಂದೆ ಬರೆದದ್ದು — ಖಾಲಿ ಜಮೀನು.

ಹೆಡ್ ಕ್ಲಾರ್ಕ್ ಕಮಲಾಕರ ಶಾನಭಾಗರ ಹತ್ತಿರ ಹೋದೆ. ‘ಇಲ್ಲಿ ನಮ್ಮಜ್ಜಿ ಇದ್ದಾಳೆ’ ಎಂದೆ.

‘ಇರ್ಲಿ ಮಾರಾಯ. ಕಾಗೆನೂ ಇರ್ತದೆ. ಕಾಗದ ಇದ್ದಾ?’

‘ಇಲ್ಲ. ಆದರೆ ಆ ಒಡ್ಡು ಹಾಕಿದ್ದೇ ನಮ್ಮ ಹಿರಿಯರು. ಅಲ್ಲಿಂದ ಇಲ್ಲೀವರೆಗೆ ಯಾರ ಮಗ ಯಾರು ಅಂತ ಎಲ್ಲ ಬಾಯಲ್ಲಿದೆ.’

‘ಹಂಗಾರೆ ಕುಮಟೆ ಪ್ರಾಂತ ಕಚೇರೀಲಿ ಜಮೀನಿನ ತಕರಾರು ಕೇಳ್ತ್ರು, ಅಲ್ಲಿಗೆ ಬಾಯಿ ತಗಂಡು ಹೋಗು. ಮೊದಲು ಬಂದವನಿಂದ ತಪ್ಪದೆ ಹೇಳಿದ್ರೆ ಗದ್ದೆ ಬಿಡ್ತ್ರು. ಒಂದು ತಪ್ಪಿದ್ರೆ ಆತು.’

ಎದುರಿಗೇ ನಗುತ್ತಾನೆ. ನನಗೆ ಸಂಬಳ ಕೊಡುವವನು ಇವನಲ್ಲ ಎಂಬುದೊಂದೇ ಸಮಾಧಾನ.

೨೨ ಜನವರಿ, ಭಾನುವಾರ

ಶರಾವತಿ ದಾಟಿ ಮನೆಗೆ ಹೋದೆ. ತಾರಿ ದೋಣಿಯವನು ‘ಟೈಪಿಸ್ಟ್ ಸಾಹೇಬ್ರು’ ಎಂದ. ದುಡ್ಡು ಕೊಟ್ಟು ಇಳಿದೆ.

ಕೊಪ್ಪದಲ್ಲಿ, ಕಾಸರಕೋಡಿನ ನಮ್ಮವರ ಕೇರಿಯಲ್ಲಿ, ಉಳಿದದ್ದು ನಮ್ಮ ಮಂಜಜ್ಜಿಯ ಮನೆ ಒಂದೇ. ಮಿಕ್ಕವರು ಕಂಪನಿ ಕೊಟ್ಟದ್ದು ತೆಗೆದುಕೊಂಡು ಭಟ್ಕಳದ ಕಡೆ ಹೋದರು. ಅಪ್ಪ ಜ್ವರದಲ್ಲಿ ಹೋದ ಮೇಲೆ ವಂಶ ಪೂರ್ತಿ ಗೊತ್ತಿರುವವಳು ಇವಳೊಬ್ಬಳೇ. ಮದುವೆಯಾಗಿ ಬಂದ ವರ್ಷ ಅತ್ತೆ ಭತ್ತ ನೆಡುವಾಗಿನ ನಟ್ಟಿ ಹಾಡಿನಲ್ಲಿ ಕಲಿಸಿದ್ದಂತೆ.

‘ಕಚೇರೀಲಿ ಹೇಳ್ತೆಯೇನೆ?’

‘ಹೇಳದೆ ಎಂತ. ಹಾಡಂದ್ರೂ ಹಾಡ್ತೆ. ಪ್ರಾಂತ ಸಾಹೇಬ್ರಿಗೆ ಎಲೆ ಅಡಕೆ ತಗಂಡು ಹೋಗೂದಾ?’

‘ಬೇಡ.’

‘ಖಾಲಿ ಕೈಲಿ ಹೆಂಗೆ ಹೋಗೂದಾ ತಮಾ.’

ಗದ್ದೆಯ ಸುದ್ದಿ ಕೇಳಿ ಹೆದರುತ್ತಾಳೆ ಎಂದುಕೊಂಡಿದ್ದೆ. ಇಲ್ಲ. ನನಗೇ ಧೈರ್ಯ ಬಂತು.

೩ ಫೆಬ್ರುವರಿ, ಕುಮಟೆ

ನಮ್ಮ ತಕರಾರು ಅರ್ಜಿಯ ತಾರೀಕು ಇವತ್ತಿತ್ತು. ಬಸ್ ಸ್ಟ್ಯಾಂಡಿನಲ್ಲಿ ಕೂತು ಬರೆಯುತ್ತಿದ್ದೇನೆ. ಅಜ್ಜಿ ಪಕ್ಕದಲ್ಲಿ ಎಲೆ ಹಾಕುತ್ತಿದ್ದಾಳೆ. ಏನೂ ಆಗದವಳ ಹಾಗೆ.

ಶಿರಸ್ತೇದಾರ ‘ಮಂಜಿ ಕೋಂ…’ ಎಂದು ಓದಿ ನಿಲ್ಲಿಸಿದ. ‘ಗಂಡನ ಹೆಸರೆಂತ?’

‘ತೀರ್ಕಂಡ್ರು.’

‘ತೀರ್ಕಂಡವರಿಗೂ ಹೆಸರಿರ್ತದಲ್ಲ.’

‘ಇತ್ತು.’

ಎಲ್ಲರೂ ನಕ್ಕರು. ‘ಹಂಗಾರೆ ಹೇಳು.’

‘ಅದೊಂದು ನನ್ನ ಕೇಳ್ಬೇಡಿ ಒಡೆಯಾ. ಗಂಡನ ಹೆಸರು ಹೆಂಗಸು ಹೇಳ್ತದಾ?’

ಪ್ರಾಂತ ಸಾಹೇಬರು ತಾಳ್ಮೆಯಿಂದಲೇ ಕೇಳಿದರು. ‘ಆತು. ಒಡ್ಡು ಹಾಕಿದವನು ಯಾರು?’

‘ಅವ್ರ ಹೆಸರಿನವ್ರೇ.’

‘ಅವನ ಮಗ?’

‘ಹಮ್ಮ.’ ಅದನ್ನು ಥಟ್ಟನೆ ಹೇಳಿದಳು. ಅದು ಮಾವನ ಹೆಸರೂ ಹೌದು, ಆದರೆ ಮಗನನ್ನು ಕೂಗಿ ಕೂಗಿ ರೂಢಿ.

‘ಹಮ್ಮನ ಮಗ?’

ಎಲೆ ಅಡಕೆಯ ಚೀಲ ಬಿಚ್ಚಿ ಮತ್ತೆ ಕಟ್ಟಿದಳು.

‘ಅವನ ಮಗ?’

‘ಹಮ್ಮ.’

ಜಟ್ಟ, ಹಮ್ಮ, ಜಟ್ಟ, ಹಮ್ಮ — ನಮ್ಮಲ್ಲಿ ಇರುವುದೇ ಇಷ್ಟು. ಒಂದು ಬಿಟ್ಟು ಒಂದು ಇವಳ ಗಂಡನ ಹೆಸರು. ಹಾಡಿನಲ್ಲೂ ಅಲ್ಲಿ ‘ಅವ್ರು’ ಎಂದೇ ಹಾಡುತ್ತಿದ್ದಳು, ನನಗೆ ಮೊದಲೇ ಹೊಳೆಯಬೇಕಿತ್ತು. ಶಿರಸ್ತೇದಾರ ಒಂದು ಬಿಟ್ಟು ಒಂದಕ್ಕೆ ‘ಗೊತ್ತಿಲ್ಲ’ ಎಂದು ಬರೆದ. ನನಗೆ ಕಾಣುತ್ತಿತ್ತು.

‘ಹಿಂದೆ ನಿಂತ ಹುಡುಗ ಯಾರು?’

‘ನನ್ನ ಮೊಮ್ಮಗ.’

‘ಇವನ ಹೆಸರಾದ್ರೂ ಹೇಳು.’

ಸೆರಗು ಬಾಯಿಗೆ ಹಿಡಿದಳು.

ಕಂಪನಿಯ ಪರವಾಗಿ ಬಂದಿದ್ದ ಕಮಲಾಕರ ಎದ್ದ. ‘ಮೊಮ್ಮಗನ ಹೆಸರೇ ಗೊತ್ತಿಲ್ಲದ ವಂಶ, ಸಾಹೇಬ್ರೆ.’

‘ಜಟ್ಟ ಹಮ್ಮ ಗೌಡ’ ಎಂದು ನಾನೇ ಕೂಗಿದೆ. ‘ಎಲ್ಲ ನಾನು ಹೇಳ್ತೇನೆ, ಬರ್ಕೊಳ್ಳಿ.’

‘ನೀ ನಿನ್ನೆ ಹುಟ್ಟಿದವ’ ಎಂದರು ಪ್ರಾಂತ ಸಾಹೇಬರು. ‘ಹಿರಿಯರ ಬಾಯಿಂದ ಬರಬೇಕು. ಇನ್ನೊಂದು ತಾರೀಕು ಕೊಡ್ತೇನೆ. ಆಗಲೂ ಹೇಳದಿದ್ರೆ ಖಾಲಿ ಜಮೀನು ಅಂತ ಷರಾ ಬರೀತೇನೆ.’

ಬಸ್ಸು ಬಂತು.

೪ ಫೆಬ್ರುವರಿ

ನಿನ್ನೆ ಮನೆ ಮುಟ್ಟಿದ ಮೇಲೆ ಬಾಯಿಗೆ ಬಂದದ್ದು ಬೈದೆ. ಸತ್ತವನ ಹೆಸರಿಗೋಸ್ಕರ ಇರುವ ಗದ್ದೆ ಕಳೆಯುತ್ತೀಯಲ್ಲ, ಹೆಸರು ಹೇಳಿದರೆ ಗಂಡನ ಆಯುಷ್ಯ ಕಮ್ಮಿಯಾಗುತ್ತದೆ ಎಂದಲ್ಲವೇ ಹೇಳದೆ ಇರುವುದು, ಅಜ್ಜ ಸತ್ತು ಬೂದಿಯಾದ ಮೇಲೆ ಕಮ್ಮಿಯಾಗಲಿಕ್ಕೆ ಎಂತ ಉಳಿದಿದೆ ಎಂದೆ.

ಮೀನು ತೊಳೆಯುತ್ತಿದ್ದಳು. ತಲೆ ಎತ್ತಲಿಲ್ಲ.

‘ಅವರದ್ದಲ್ಲ ತಮಾ. ನಿಂದು.’

‘ನಂದೆಂತ?’

‘ಹೆಸರು ಈಗ ನಿಂಗೆ ಬಂದದೆ. ಅವರಿಗೆ ಒಂದು ಸಲ ಹೇಳಿಬಿಟ್ಟಿದ್ದೆ — ದೋಣಿ ಮಗಚಿದ ದಿನ, ದಂಡೆ ಮೇಲೆ ನಿಂತು ಕೂಗಿಬಿಟ್ಟೆ. ಬಾಯಿ ತಡೀಲಿಲ್ಲ. ಆಮೇಲೆ ಎಂತಾತು ನಿಂಗೆ ಗೊತ್ತಿದ್ದದ್ದೇ.’

ದೋಣಿ ಆಗಲೇ ಮಗಚಿತ್ತಲ್ಲ, ನೀನು ಕೂಗಿದ್ದು ಆಮೇಲೆ ಎಂದೆ. ‘ಹೌದಾ’ ಎಂದಳು. ಮೀನಿಗೆ ಉಪ್ಪು ಹಾಕಿದಳು.

ಇಂಥವಳ ಹತ್ತಿರ ವಾದ ಮಾಡುವುದು ಹೇಗೆ? ಊಟ ಮಾಡದೆ ತಾರಿ ಹತ್ತಿದೆ.

೧೩ ಫೆಬ್ರುವರಿ

ಹ್ಯಾಚರ್ ಸಾಹೇಬರ ವಂಶ ಇವತ್ತು ತುಂಡಾಯಿತು. ನಾಲ್ಕನೇ ತಲೆಯವನ ಅಪ್ಪ ಯಾರೆಂದು ಪತ್ತೆ ಇಲ್ಲ. ಹುಟ್ಟಿದವರ ಹೆಸರು ಬರೆದಿಟ್ಟ ಇಗರ್ಜಿ, ಅವರ ಚರ್ಚು, ಸುಟ್ಟುಹೋಗಿತ್ತಂತೆ. ನನಗೆ ಒಳಗೊಳಗೇ ಖುಷಿ.

‘ಈಗ ಏನು ಸರ್?’

‘“ಪ್ರಾಬಬ್ಲಿ” ಅಂತ ಹಾಕು. ಪ್ರಾಬಬ್ಲಿ ಜಾನ್‌ನ ಮಗ.’

‘ಅಷ್ಟೇ?’

‘ಅಷ್ಟೇ.’

ಮೆಷಿನ್ ಬಿಟ್ಟು ಎದ್ದೆ. ಎಲ್ಲ ಹೇಳಿದೆ. ಗದ್ದೆ, ಒಡ್ಡು, ಅಜ್ಜಿ, ಕಚೇರಿ. ‘ಸರ್, ಈ ಒಂದು ಪ್ರಾಬಬ್ಲಿಯನ್ನು ಕುಮಟೆಯಲ್ಲಿ ನಮ್ಮ ಅಜ್ಜಿಗೆ ಕೊಡಿಸುತ್ತೀರಾ? ನೀವು ಹೇಳಿದರೆ ಕೇಳುತ್ತಾರೆ’ ಎಂದೆ.

ಕನ್ನಡಕ ತೆಗೆದು ಒರೆಸಿದರು. ನಿಜಕ್ಕೂ ಬೇಜಾರಾಗಿತ್ತು ಅವರಿಗೆ, ಅದೇ ಇನ್ನೂ ಸಿಟ್ಟು ಬರಿಸಿತು. ‘ಇದು ನಿಮ್ಮ ಊರಿನ ವಿಷಯ, ಜಟ್ಟ. ನಾನು ಹೊರಗಿನವನು, ಬಾಯಿ ಹಾಕುವುದು ಸರಿಯಲ್ಲ’ ಎಂದರು. ಅಜ್ಜಿಗೆ ಕೊಡು ಎಂದು ಬಿಸ್ಕೀಟಿನ ಡಬ್ಬಿ ಕೊಟ್ಟರು.

ಜಾಗ ಬೇಕಾದಾಗ ಹೊರಗಿನವರಲ್ಲ. ಡಬ್ಬಿ ಅಲ್ಲೇ ಇಟ್ಟು ಬಂದೆ.

೨೬ ಫೆಬ್ರುವರಿ

ಗೂಟ ಹೊಡೆದಿದ್ದಾರೆ. ಒಡ್ಡಿನ ಮೇಲೆಯೇ. ಅಜ್ಜಿ ಒಂದನ್ನು ಕಿತ್ತು ದನ ಕಟ್ಟಲು ಬಳಸುತ್ತಿದ್ದಾಳೆ.

ಬೇರೆ ಹೆಸರು ಹೇಳು ಎಂದೆ. ಸೋಮ ಎನ್ನು, ಶುಕ್ರ ಎನ್ನು, ಯಾರಿಗೆ ಗೊತ್ತಾಗುತ್ತದೆ.

‘ಥೂ. ಯಾರ್ಯಾರನ್ನೋ ನನ್ನ ಗಂಡ ಮಾಡೂಕೆ ಬಂದ್ಯಾ?’

ಆಗ ನಾನು ಹೇಳಬಾರದ್ದು ಹೇಳಿದೆ. ಗದ್ದೆ ಹೋದರೆ ಬೊಂಬಾಯಿಗೆ ಹೋಗುತ್ತೇನೆ, ತಿರುಗಿ ಬರುವುದಿಲ್ಲ. ಬರಲಿಕ್ಕೆ ಇಲ್ಲಿ ಎಂತ ಇರುತ್ತದೆ, ಬರ್ಫವಾ? ನಿನ್ನ ಜಟ್ಟ ಎಲ್ಲೋ ನೂರು ವರ್ಷ ಬದುಕುತ್ತಾನೆ, ನೀನು ಮಾತ್ರ ಕಾಣುವುದಿಲ್ಲ.

ಅವಳ ಮುಖ ನೋಡಲಾಗಲಿಲ್ಲ. ಹೊರಗೆ ಬಂದು ಬೀಡಿ ಸೇದಿದೆ.

೧೦ ಮಾರ್ಚ್, ಕಾಸರಕೋಡ

ಹೇಳಿದಳು.

ಕುಮಟೆಯಲ್ಲಿ ಶಿರಸ್ತೇದಾರ ಕೇಳುವ ಮೊದಲೇ ಶುರು ಮಾಡಿದಳು. ನನ್ನನ್ನು ಪಕ್ಕಕ್ಕೆ ಎಳೆದು, ಸೆರಗಿನ ತುದಿಯನ್ನು ನನ್ನ ತಲೆಗೆ ಹೊದಿಸಿ, ಅದರ ಮೇಲೆ ಕೈ ಒತ್ತಿ ಹಿಡಿದು ಹೇಳಿದಳು. ಜಟ್ಟ. ಅವನ ಮಗ ಹಮ್ಮ. ಅವನ ಮಗ ಜಟ್ಟ. ಪ್ರತಿ ಜಟ್ಟನಿಗೂ ಅವಳ ಕೈ ಬಿಗಿಯಾಗುತ್ತಿತ್ತು. ಗಂಡನ ಹೆಸರು ಬಂದಾಗ ಒಂದು ಸಲ ನಿಂತಳು. ಕಚೇರಿಯಲ್ಲಿ ಯಾರೂ ನಗಲಿಲ್ಲ. ಕಮಲಾಕರ ಕಿಟಕಿ ನೋಡುತ್ತಿದ್ದ.

ಕೊನೆಗೆ ನನ್ನದು. ಅವಳ ಬಾಯಲ್ಲಿ ನನ್ನ ಹೆಸರು ಕೇಳಿದ್ದು ಇದೇ ಮೊದಲು. ಯಾರೋ ಬೇರೆಯವರನ್ನು ಕರೆದ ಹಾಗಿತ್ತು.

ಪ್ರಾಂತ ಸಾಹೇಬರು ಬರೆದುಕೊಂಡರು. ಗದ್ದೆ, ಅಂಗಳ ಬಿಟ್ಟು ಗೂಟ ಸರಿಸಬೇಕು ಎಂದು ಅಲ್ಲೇ ಷರಾ ಹಾಕಿದರು. ‘ಇಷ್ಟೇ ಇತ್ತಲ್ಲಜ್ಜಿ. ಮೊದಲೇ ಹೇಳೂದಲ್ವಾ?’ ಎಂದರು.

ಇಷ್ಟೇ ಅಂತೆ.

ಬಸ್ಸಿನಲ್ಲಿ ಅಜ್ಜಿ ನನ್ನನ್ನು ಕಿಟಕಿಯ ಬದಿ ಕೂರಲು ಬಿಡಲಿಲ್ಲ. ತಾರಿಯಲ್ಲಿ ನನ್ನ ಅಂಗಿ ಹಿಡಿದದ್ದು ದಡ ಮುಟ್ಟುವವರೆಗೆ ಬಿಡಲಿಲ್ಲ. ಕೊಪ್ಪದ ಹಾದಿಯಲ್ಲಿ ಮುಂದೆ ಅವಳೇ. ಕೋಲಿನಿಂದ ಹುಲ್ಲು ಬಡಿಯುತ್ತ, ಹಾವಿದೆಯೋ ಎಂದು ನೋಡುತ್ತ.

ಗೆದ್ದೆವಲ್ಲೇ ಎಂದೆ.

‘ಹೂಂ. ನೀ ಬಾವಿ ಬದಿ ಹೋಗ್ಬೇಡ.’

ಖಾಲಿ ಜಮೀನು ಎಂದು ಇನ್ನು ಟೈಪ್ ಮಾಡಲಾರೆ, ನಾಳೆ ಆಫೀಸಿಗೆ ಹೋಗಿ ಕೆಲಸ ಬಿಡುತ್ತೇನೆ ಎಂದು ಹೇಳಬೇಕು. ಆದರೆ ಅದಕ್ಕೆ ಹೊಳೆ ದಾಟಬೇಕು. ಅವಳು ಬಿಡುವುದಿಲ್ಲ. ಈಗ ಬಾಗಿಲಿಗೆ ಅಡ್ಡ ಕೂತಿದ್ದಾಳೆ, ನಾನು ಕೆಮ್ಮಿದರೂ ತಿರುಗಿ ನೋಡುತ್ತಾಳೆ. ಊಟ ಮುಟ್ಟಿಲ್ಲ. ಅವರೆಲ್ಲ ಹೆಸರು ಕೇಳಿದರು ಅಷ್ಟೇ. ಹೇಳಿಸಿದ್ದು ನಾನು. ನನಗೆ ಏನೂ ಆಗುವುದಿಲ್ಲ ಅಜ್ಜಿ ಎಂದು ಹೇಳಲು ಎದ್ದೆ, ಅವಳು ಕೈ ಎತ್ತಿ, ಅಲ್ಲೇ ಕೂತ್ಕೋ, ಏಳ್ಬೇಡ ಎಂದಳು. ಕೂತೆ.