ಇಸ್ಪೀಟು ತಂದಿಟ್ಟವರು ಯಾರು, ನೋಟಿಸು ಬಂದಿದ್ದು ಯಾರಿಗೆ?

ಕಂಪ್ಯೂಟರಿನೊಳಗಿನ ಬೇಡದ್ದನ್ನೆಲ್ಲ ಕಿತ್ತುಹಾಕಿ ಎಂದು ಸುತ್ತೋಲೆ ಹೊರಡಿಸಿದ ಜಿಲ್ಲಾ ಕಚೇರಿಯ ಮಾನ್ಯ ಮೇಲಧಿಕಾರಿಗಳೇ,

ನನ್ನ ಹೆಂಡತಿ ಪುಟ್ಟತಾಯಮ್ಮ ಸರ್ಕಾರಿ ಕೆಲಸದ ವೇಳೆಯಲ್ಲಿ ಇಸ್ಪೀಟು ಆಡಿದಳೆಂದು ತಾವು ತೀರ್ಮಾನ ಮಾಡಿದ್ದೀರಿ. ಅಷ್ಟಕ್ಕೇ ಬಿಡದೆ ಅವಳ ಸೇವಾ ಪುಸ್ತಕದಲ್ಲಿ ಒಂದು ಸಾಲನ್ನೂ ಬರೆಸಿದ್ದೀರಿ: "ಕಚೇರಿ ವೇಳೆಯಲ್ಲಿ ಗಣಕಯಂತ್ರದಲ್ಲಿ ಇಸ್ಪೀಟು ಆಡಿದ ಕಾರಣ ವಾಗ್ದಂಡನೆ ವಿಧಿಸಿದೆ." ಆ ಸಾಲು ಸುಳ್ಳು. ಇದನ್ನು ಎರಡು ಸಲ ಅಂಚೆಯಲ್ಲಿ ಬರೆದು ತಿಳಿಸಿದೆ. ತುಮಕೂರಿಗೂ ಗುಬ್ಬಿಗೂ ನಡುವೆ ಬಸ್ಸುಗಳು ದಿನವಿಡೀ ಓಡಾಡುತ್ತವೆ, ತಮ್ಮ ಉತ್ತರಕ್ಕೆ ಮಾತ್ರ ಯಾವುದರಲ್ಲೂ ಸೀಟು ಸಿಕ್ಕಿಲ್ಲ. ಆದ್ದರಿಂದ ಈ ಸಲ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ಇಲಾಖೆಯ ಹೆಸರು ಬರೆಯಕೂಡದೆಂದು ಹೆಂಡತಿಯ ಕಟ್ಟಪ್ಪಣೆಯಾಗಿದೆ. ಬರೆಯದಿದ್ದರೂ ಗುಬ್ಬಿಯಲ್ಲಿ ಎಲ್ಲರಿಗೂ ಗೊತ್ತು.

ನಾನು ತೆಂಗಿನ ತೋಟ ನೋಡಿಕೊಂಡಿರುವವನು, ಹಾಗಲವಾಡಿ ಕಡೆಯವನು. ಕಂಪ್ಯೂಟರಿನ ವಿಷಯದಲ್ಲಿ ಅಕ್ಷರಶತ್ರು. ಇಸ್ಪೀಟಿನ ವಿಷಯದಲ್ಲಿ ಹಾಗಲ್ಲ. ಯುಗಾದಿಯ ಮಾರನೇ ದಿನ, ಹೊಸತೊಡಕಿನಂದು, ನಮ್ಮ ಕಡೆ ಎಲೆ ಹಿಡಿಯದ ಗಂಡಸು ಸಿಕ್ಕರೆ ಮೈ ಹುಷಾರಿಲ್ಲವೇ ಎಂದು ವಿಚಾರಿಸುತ್ತಾರೆ. ನಾನೂ ಹಿಡಿದಿದ್ದೇನೆ, ನನ್ನ ಅಪ್ಪನೂ ಹಿಡಿದಿದ್ದ. ಅಡ್ಡಿ ಎಂದರೆ ನಮ್ಮ ಮನೆಯಲ್ಲಿ ಪುಟ್ಟತಾಯಮ್ಮನದು ಮಾತ್ರ. ಮದುವೆಯಾದ ಮೊದಲ ಯುಗಾದಿಗೇ ಅವಳು ಎಲೆಯ ಕಟ್ಟನ್ನು ನೀರೊಲೆಗೆ ಹಾಕಿದವಳು. ಅವಳ ತವರಿನಲ್ಲಿ ಸೋದರಮಾವನೊಬ್ಬ ಈ ಆಟದಲ್ಲಿ ಮನೆ ಮಠ ಕಳೆದಿದ್ದ. ಆಟೀನು ಯಾವುದು, ಕಳಾವರ್ ಯಾವುದು ಎಂದು ಅವಳಿಗೆ ಇವತ್ತಿಗೂ ತಿಳಿಯದು. ತಮ್ಮ ಜಿಲ್ಲೆಯ ಉದ್ದಗಲದಲ್ಲೆಲ್ಲ ಇಸ್ಪೀಟಿನ ಆರೋಪ ಹೊರಿಸಲು ತಮಗೆ ಇವಳೇ ಸಿಕ್ಕಳೇ?

ನಡೆದದ್ದನ್ನು ಹೇಳುತ್ತೇನೆ. ಪುಟ್ಟತಾಯಮ್ಮ ಬೆರಳಚ್ಚುಗಾರ್ತಿಯಾಗಿ ಸೇರಿದವಳು. ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂದಾಗ ಕುಂಕುಮವಿಟ್ಟು, ಊದುಬತ್ತಿ ಹಚ್ಚಿ ಅದನ್ನೂ ಕಲಿತಳು. ಹೋದ ವರ್ಷ ತುಮಕೂರಿನಿಂದ ಒಂದು ವ್ಯಾನು ಬಂತು. ತಾವು ಗುತ್ತಿಗೆ ಕೊಟ್ಟ ಹುಡುಗರು ಇಳಿದು ಯಂತ್ರಗಳನ್ನೆಲ್ಲ ಅಪ್‌ಗ್ರೇಡ್ ಮಾಡುತ್ತೇವೆಂದರು. ಮಾಡಿದರು. ಹಳೆಯದು ಬೇಸರದ್ದಾದರೂ ಮರ್ಯಾದಸ್ಥ ಯಂತ್ರವಾಗಿತ್ತು, ಕೆಲಸ ಕೊಟ್ಟರೆ ಮಾಡಿ ಸುಮ್ಮನಿರುತ್ತಿತ್ತು. ಹೊಸದು ಹಾಗಲ್ಲ. ಅದರ ಜೊತೆಗೆ ಇಸ್ಪೀಟು ಬಂತು, ಗೋಲಿ ಹೊಡೆಯುವ ಆಟ ಬಂತು. ಸ್ನೇಹಿತರ ಜೊತೆ ಹರಟೆ ಹೊಡೆಯುವಿರಾ ಎಂದು ಬೆಳಿಗ್ಗೆ ಬೆಳಿಗ್ಗೆಯೇ ಕೇಳುವ ಒಂದು ಕಿಟಕಿಯೂ ಬಂತು. ಇಂಟರ್ನೆಟ್ಟಿನ ತಂತಿಯೇ ಇಲ್ಲದ ಆಫೀಸಿನಲ್ಲಿ ಯಾರ ಜೊತೆ ಹರಟೆ ಹೊಡೆಯುವುದು, ಸ್ವಾಮಿ? ಅವತ್ತು ಸಂಜೆ ಪುಟ್ಟತಾಯಮ್ಮ ಮನೆಗೆ ಬಂದವಳೇ, "ರೀ, ಕಡತ ಹುಡುಕಕ್ಕೆ ಹೋದ್ರೆ ಒಳಗಡೆ ಒಂದು ನಾಯಿಮರಿ ಕುಂತೈತೆ ಕಣ್ರೀ, ಬಾಲ ಅಲ್ಲಾಡುಸ್ಕೊಂಡು," ಎಂದಳು. ನಾನು ನಂಬಲಿಲ್ಲ. ಆಮೇಲೆ ವಿಚಾರಿಸಿದರೆ ನಿಜ, ಕಡತ ಹುಡುಕುವ ಕಿಟಕಿಯಲ್ಲಿ ನಾಯಿಮರಿಯ ಚಿತ್ರವೊಂದನ್ನು ಕೂರಿಸಿದ್ದರು.

ಇಷ್ಟೆಲ್ಲ ಪರಿವಾರವನ್ನು ಕರೆತಂದವರು ತಾವು. ಅವಳು ಅರ್ಜಿ ಹಾಕಿ ಕೇಳಿದ್ದಲ್ಲ. ಆದರೂ ಕೆಲವು ತಿಂಗಳಿಗೆ ತಮ್ಮ ಸುತ್ತೋಲೆ ಬಂತು: ಗಣಕಯಂತ್ರಗಳಲ್ಲಿ ಅಂತರ್ಗತವಾಗಿರುವ ಅನಗತ್ಯ ಪ್ರೋಗ್ರಾಂಗಳನ್ನು, ವಿಶೇಷವಾಗಿ ಆಟಗಳನ್ನು, ವಾರದೊಳಗೆ ತೆಗೆದುಹಾಕಿ ಅನುಪಾಲನಾ ವರದಿ ಸಲ್ಲಿಸತಕ್ಕದ್ದು, ತಪ್ಪಿದಲ್ಲಿ ಶಿಸ್ತುಕ್ರಮ. ಸಂತೋಷ. ತೆಗೆಯುವುದು ಹೇಗೆ? ಅದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಸುತ್ತೋಲೆಯಲ್ಲಿತ್ತು. ಪುಟ್ಟತಾಯಮ್ಮ ತಮ್ಮ ಗಣಕ ಶಾಖೆಗೆ ಫೋನು ಮಾಡಿದಳು.

"ಸಾರ್, ಈ ಆಟ ತೆಗೆಯೋದು ಹೆಂಗೆ?"

"ಸುತ್ತೋಲೆ ಬಂದಿಲ್ವೇನ್ರಮ್ಮಾ ನಿಮಗೆ?"

"ಬಂದೈತೆ ಸಾರ್. ಅದರಲ್ಲಿ ತೆಗೀರಿ ಅಂತ ಐತೆ. ಹೆಂಗೆ ಅಂತ ಇಲ್ಲ."

"ತೆಗೀರಿ ಅಂದ್ಮೇಲೆ ತೆಗೀಬೇಕು ಕಣಮ್ಮಾ. ಅದಕ್ಕೆಲ್ಲ ಫೋನ್ ಮಾಡ್ತಾರಾ?"

ಪಕ್ಕದ ಮೇಜಿನ ಗುಮಾಸ್ತ ನಾಗಭೂಷಣ್ ಧೈರ್ಯಸ್ಥ. "ಬುಡಿ ಮೇಡಂ, ನಾನ್ ತೆಗಿತೀನಿ," ಎಂದು ಮುಂದೆ ಬಂದ. ವ್ಯಾನಿನ ಹುಡುಗರು ಪರದೆಯ ಮೇಲೆ ಪ್ರತಿ ಆಟಕ್ಕೂ ಒಂದೊಂದು ಚಿತ್ರ ಸಾಲಾಗಿ ಇಟ್ಟುಹೋಗಿದ್ದರು. ಇವನು ಒಂದೊಂದನ್ನೇ ಎಳೆದು ಪರದೆಯ ಕಸದಬುಟ್ಟಿಗೆ ಹಾಕಿದ. ಕಸದಬುಟ್ಟಿಯನ್ನೂ ಬರಿದು ಮಾಡಿದ. ಪರದೆ ಸಾರಿಸಿದ ಅಂಗಳದ ಹಾಗೆ ಕಂಡಿತು. ಪುಟ್ಟತಾಯಮ್ಮ ಪ್ರತಿ ಯಂತ್ರದ ಮುಂದೂ ನಿಂತು ಕಣ್ಣಾರೆ ನೋಡಿ, "ಎಲ್ಲ ಆಟಗಳನ್ನು ತೆಗೆದುಹಾಕಲಾಗಿದೆ" ಎಂದು ವರದಿ ಬೆರಳಚ್ಚಿಸಿ ಸಹಿ ಹಾಕಿದಳು. ಅಂಗಡಿಯ ಬೋರ್ಡು ಕಿತ್ತರೆ ಅಂಗಡಿ ಮುಚ್ಚುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿರಲಿಲ್ಲ. ಅದು ಅಜ್ಞಾನ, ಒಪ್ಪುತ್ತೇನೆ. ಅಜ್ಞಾನಕ್ಕೆ ವಾಗ್ದಂಡನೆ ಕೊಡುವುದಾದರೆ ಮೊದಲು ಆ ಫೋನು ಎತ್ತಿದವರಿಂದ ಶುರುಮಾಡಬೇಕಿತ್ತು.

ಆಮೇಲೆ ತಮ್ಮ ತಪಾಸಣಾಧಿಕಾರಿಗಳ ಸವಾರಿ ಬಂತು. ಅವರ ಹೆಸರು ಬೇಡ. ಪುಟ್ಟತಾಯಮ್ಮನ ಕುರ್ಚಿಯಲ್ಲಿ ಕೂತರು. ಅಲ್ಲಿ ಒತ್ತಿ, ಇಲ್ಲಿ ಒತ್ತಿ, ಎಲ್ಲೋ ಒಳಗಿನ ಕೋಣೆಯಿಂದ ಇಸ್ಪೀಟನ್ನು ಹಿಡಿದು ಎಳೆದುತಂದರು. "ಇದೇನ್ರಮ್ಮಾ ಇದು?" ಎಂದರು. ಆಟ ನಿಜವಾಗಿಯೂ ಚಾಲ್ತಿಯಲ್ಲಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕಲ್ಲ, ಕರ್ತವ್ಯನಿಷ್ಠರು, ಒಂದು ಕೈ ಆಡಿಯೂ ನೋಡಿದರು. ಕಾಫಿ ತಂದ ಜವಾನ ಬೀರಯ್ಯ ಲೋಟ ಹಿಡಿದುಕೊಂಡೇ ನಿಂತಿದ್ದನಂತೆ. ಕಾಫಿ ಆರಿತು, ಆಟ ಮುಗಿಯಲಿಲ್ಲ. ಕಡೆಗೆ ಗೆದ್ದರು. ಗೆದ್ದವರಿಗಾಗಿ ಎಲೆಗಳೆಲ್ಲ ಪರದೆಯ ತುಂಬ ಕುಣಿದವಂತೆ. "ಅಯ್ಯಯ್ಯೋ, ಸಾಹೇಬ್ರು ಏನ್ ಚೆಂದಾಗಿ ಆಡ್ತಾರೆ ಅಂತೀರಾ!" ಎಂದು ಬೀರಯ್ಯ ಈಗಲೂ ಹೇಳುತ್ತಾನೆ. ಪುಟ್ಟತಾಯಮ್ಮನ ಯಂತ್ರದಲ್ಲಿ ಯಾರಾದರೂ ಇಸ್ಪೀಟು ಆಡಿದ್ದನ್ನು ಆಫೀಸಿನವರು ಕಂಡಿದ್ದು ಅದೊಂದೇ ಸಲ. ಆಡಿದವರು ತಮ್ಮ ಕಡೆಯವರು.

ನೋಟಿಸು ಬಂದಿದ್ದು ಪುಟ್ಟತಾಯಮ್ಮನಿಗೆ. ಆಟ ಯಂತ್ರದಲ್ಲಿತ್ತು ಎಂದು ಬರೆದಿದ್ದರೆ ಅದು ಸತ್ಯ, ತಲೆಬಾಗುತ್ತಿದ್ದೆವು. "ಆಟ ಆಡುತ್ತಿರುವುದು ಕಂಡುಬಂದಿದೆ" ಎಂದು ಬರೆದಿದ್ದರು. ಸುಳ್ಳು ವರದಿ ಕೊಟ್ಟಿದ್ದೇಕೆ, ಆಟ ಉಳಿಸಿಕೊಂಡಿದ್ದೇಕೆ, ಆಡಲಿಕ್ಕಲ್ಲದೆ ಮತ್ತೇಕೆ, ಇಷ್ಟೇ ತರ್ಕ. ಮನೆಯಲ್ಲಿ ಮುಸುರೆ ಪಾತ್ರೆಯಿದ್ದರೆ ಸೊಸೆಯೇ ಕದ್ದು ತಿಂದಳು ಎನ್ನುವ ಅತ್ತೆಯರನ್ನು ನಾನು ಕಂಡಿದ್ದೇನೆ, ಅವರಿಗೂ ಇಷ್ಟು ಸಲೀಸಾಗಿ ತೀರ್ಪು ಕೊಡಲು ಬರುತ್ತಿರಲಿಲ್ಲ.

ಬಂತು ನೋಡಿ ಬುದ್ಧಿವಾದದ ಸುಗ್ಗಿ. ಆಫೀಸಿನ ಹಿರಿಯರು, ಸಂಘದವರು, ನಾಗಭೂಷಣ್, ಎಲ್ಲರದೂ ಒಂದೇ ಮಾತು. "ಇನ್ನು ಮುಂದೆ ಆಡುವುದಿಲ್ಲ, ಕ್ಷಮಿಸಬೇಕು ಅಂತ ಒಂದು ಸಾಲು ಬರೆದು ಕೊಟ್ಬುಡಿ ಮೇಡಂ. ಫೈಲ್ ಕ್ಲೋಸ್ ಆಯ್ತದೆ. ಯಾವ ದಾಖಲೆಗೂ ಹೋಗಲ್ಲ." ಇದು ಸುಲಭದ ದಾರಿ ಎಂದು ನನಗೂ ಅನ್ನಿಸಿ, ನಾನೂ ಹೇಳಿದೆ. ಅವಳು ರಾಗಿಹಿಟ್ಟು ಜರಡಿ ಹಿಡಿಯುತ್ತಿದ್ದವಳು ಜರಡಿ ಕೆಳಗಿಟ್ಟಳು.

"ಇನ್ಮುಂದೆ ಆಡಲ್ಲ ಅಂತ ಬರೆದ್ರೆ, ಇಲ್ಲೀಗಂಟ ಆಡ್ತಿದ್ದೆ ಅಂತ ಅರ್ಥ ಅಲ್ವೇನ್ರೀ? ಆಡ್ದೇ ಇರೋದ ಆಡಿದೀನಿ ಅಂತ ನಾನ್ಯಾಕ್ರೀ ಬರೀಲಿ?"

"ಒಂದ್ ಸಾಲು ಕಣೇ. ಬರೆದು ಕೈ ತೊಳ್ಕೊ."

"ಇಷ್ಟ್ ವರ್ಷ ಊರವರದೆಲ್ಲ ಟೈಪ್ ಮಾಡಿದೀನಿ. ನನ್ನ ಹೆಸರಲ್ಲಿ ಸುಳ್ಳು ಟೈಪ್ ಮಾಡಲ್ಲ."

ಅವಳು ನಡೆದದ್ದನ್ನು ನಡೆದಂತೆ ಬರೆದು ಕಳಿಸಿದಳು. ಸಮಜಾಯಿಷಿ ಸಮಾಧಾನಕರವಾಗಿಲ್ಲ ಎಂದು ತಾವು ವಾಗ್ದಂಡನೆ ವಿಧಿಸಿದಿರಿ. ಸತ್ಯ ಹೇಳಿದರೆ ದಂಡನೆ, ಸುಳ್ಳು ಒಪ್ಪಿಕೊಂಡರೆ ಮಾಫಿ. ಇಂಥ ನ್ಯಾಯಕ್ಕೆ ತುಮಕೂರಿನವರೆಗೆ ಹೋಗಬೇಕೇ? ನಮ್ಮೂರ ಅರಳಿಕಟ್ಟೆಯಲ್ಲೇ ಬೇಕಾದಷ್ಟು ಸಿಗುತ್ತದೆ.

ಇಷ್ಟಾದ ಮೇಲೆ ನಾನು ಅವಳನ್ನು ಕರೆದುಕೊಂಡು ತುಮಕೂರಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ರವೀಶ್ ಎಂಬುವರ ಹತ್ತಿರ ಹೋದೆ. ಈ ಆಟವನ್ನು ಬೇರುಸಹಿತ ತೆಗೆಯುವುದು ಹೇಗೆ, ತೋರಿಸಿ ಎಂದೆ. ಅವರು ತಮ್ಮ ಅಂಗಡಿಯ ಯಂತ್ರದಲ್ಲಿ ನಾವು ನೋಡುನೋಡುತ್ತಿದ್ದಂತೆ ತೆಗೆದು ತೋರಿಸಿದರು. "ಇದೇನು ದೊಡ್ಡ ವಿಷಯ ಅಲ್ಲ ಯಜಮಾನ್ರೆ. ಆದ್ರೆ ನಿಮ್ಮೋರು ಆಫೀಸಲ್ಲಿ ಇದನ್ನ ಮಾಡಕ್ಕೆ ಬರಲ್ಲ," ಎಂದರು. ಯಾಕೆ ಎಂದೆ. ಸರ್ಕಾರಿ ಆಫೀಸುಗಳ ಯಂತ್ರಗಳನ್ನೂ ರಿಪೇರಿ ಮಾಡಿ ಬಲ್ಲವರು ಅವರು. ಪ್ರೋಗ್ರಾಂ ತೆಗೆಯಬೇಕಾದರೆ ಯಂತ್ರವು ಮೇಲಧಿಕಾರದ ಪಾಸ್‌ವರ್ಡ್ ಕೇಳುತ್ತದಂತೆ. ತಾಲ್ಲೂಕಿನ ಆಫೀಸುಗಳಿಗೆ ಆ ಪಾಸ್‌ವರ್ಡ್ ಕೊಟ್ಟಿಲ್ಲ. ಅದು ಇರುವುದು ತಮ್ಮ ಗಣಕ ಶಾಖೆಯಲ್ಲಿ ಮಾತ್ರ. ಪರದೆಯ ಮೇಲಿನ ಚಿತ್ರ ಅಳಿಸುವುದಕ್ಕಿಂತ ಹೆಚ್ಚಿನದೇನನ್ನೂ ಮಾಡಲು ಪುಟ್ಟತಾಯಮ್ಮನಿಗೆ ಯಂತ್ರವೇ ಬಿಡುತ್ತಿರಲಿಲ್ಲ.

ಈಗ ಹೇಳಿ ಮಾನ್ಯರೇ. ಕೋಣೆಗೆ ಬೀಗ ಹಾಕಿದವರು ತಾವು, ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡವರು ತಾವು, ಒಳಗೆ ಕಸ ಗುಡಿಸಿಲ್ಲವೇಕೆ ಎಂದು ನೋಟಿಸು ಕೊಟ್ಟವರೂ ತಾವು. ತಮಗೆ ಇದು ತಿಳಿದಿರಲಿಲ್ಲವೇ? ತಿಳಿದಿರದಿದ್ದರೆ ಗಣಕ ಶಾಖೆ ಯಾಕೆ? ತಿಳಿದೂ ಬರೆದಿದ್ದರೆ ಅದಕ್ಕೆ ಯಾವ ಹೆಸರಿಡಬೇಕೆಂದು ತಾವೇ ಹೇಳಿ. ಅಂಗಡಿಯಲ್ಲಿ ಪುಟ್ಟತಾಯಮ್ಮ ಕಡೆಗೆ ರವೀಶ್ ಅವರನ್ನು ಕೇಳಿದ್ದು ಒಂದೇ ಪ್ರಶ್ನೆ: "ಈಗ ತೆಗೆದ್ರೂ, ಇನ್ನೊಂದ್ ಸಲ ಅಪ್‌ಗ್ರೇಡ್ ಮಾಡಿದ್ರೆ ವಾಪಸ್ ಬತ್ತದಾ?" ಬರುತ್ತದೆ ಎಂದರು ಅವರು. "ಆವಾಗ್ಲೂ ನಾನೇ ಆಡಿದ್ದು ಅಂತಾರೇನೋ," ಎಂದಳು.

ವಾಗ್ದಂಡನೆ ಸಣ್ಣ ಶಿಕ್ಷೆ, ಸಂಬಳಕ್ಕೇನೂ ಧಕ್ಕೆಯಿಲ್ಲ ಎಂದು ತಮ್ಮ ಕಚೇರಿಯವರೊಬ್ಬರು ನನಗೆ ಸಮಾಧಾನ ಹೇಳಿದರು. ಸಣ್ಣದೇ ಇರಬಹುದು. ಈ ಯುಗಾದಿಯ ಹೊಸತೊಡಕಿನಂದು ಏನಾಯಿತು ಕೇಳಿ. ನಮ್ಮ ಬೀದಿಯ ಜಗಲಿಯಲ್ಲಿ ಎಂದಿನಂತೆ ಎಲೆ ಹಾಕಿದ್ದೆವು. ಪುಟ್ಟತಾಯಮ್ಮ ನೀರಿನ ಬಿಂದಿಗೆ ಹೊತ್ತು ಹಾದುಹೋಗುತ್ತಿದ್ದಳು. ಪಕ್ಕದ ಮನೆಯ ಕಲ್ಲಮ್ಮ, ಕೆಟ್ಟವಳಲ್ಲ, ತಮಾಷೆಗೆಂದೇ ಕೂಗಿದಳು: "ಬಾರಕ್ಕ, ನೀನೂ ಒಂದ್ ಕೈ ಆಡು. ಸರ್ಕಾರದ ಸರ್ಟಿಫಿಕೇಟೇ ಐತಂತಲ್ಲ ನಿನ್ ತಾವ!" ಜಗಲಿಯೆಲ್ಲ ನಕ್ಕಿತು. ನನ್ನ ಕೈಯಲ್ಲಿ ಒಳ್ಳೆಯ ಎಲೆಗಳಿದ್ದವು, ಒಂದು ಕ್ಷಣ ನಾನೂ ನಕ್ಕೆ. ಆಮೇಲೆ ಅವಳ ಮುಖ ನೋಡಿದೆ. ಬಿಂದಿಗೆ ಇಳಿಸದೆ, ತಿರುಗಿ ಬೈಯದೆ, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಎಲೆ ಎಸೆದು ಎದ್ದುಬಂದೆ. ಅವಳು ಅಷ್ಟು ವರ್ಷ ಬೈದರೂ ಬಿಡದಿದ್ದ ಆಟವನ್ನು ತಾವು ಬಿಡಿಸಿದ್ದೀರಿ, ಅದಕ್ಕೆ ತಮಗೆ ಧನ್ಯವಾದ ಹೇಳಬೇಕೋ ಏನೋ ತಿಳಿಯದು.

ಅವಳು ಬರುವ ಜನವರಿಗೆ ನಿವೃತ್ತಿಯಾಗುತ್ತಾಳೆ. ಆಫೀಸಿನವರು ಬೀಳ್ಕೊಡುಗೆಗೆ ಈಗಿನಿಂದಲೇ ಮಾತಾಡಿಕೊಳ್ಳುತ್ತಿದ್ದಾರೆ. ಶಾಲು, ಹಾರ, ಹಣ್ಣಿನ ಬುಟ್ಟಿ, ಆಮೇಲೆ ಯಾರಾದರೂ ಎದ್ದು ನಿಂತು "ಇವರು ಕಪ್ಪುಚುಕ್ಕೆಯಿಲ್ಲದ ಸೇವೆ ಸಲ್ಲಿಸಿದವರು" ಎನ್ನುವುದು ವಾಡಿಕೆ. ಪುಟ್ಟತಾಯಮ್ಮ ಬೇಡವೆಂದಿದ್ದಾಳೆ. ನಾಗಭೂಷಣ್ ಮನೆಗೆ ಬಂದು ಕೈಮುಗಿದು ಕೇಳಿದರೂ ಒಪ್ಪಲಿಲ್ಲ. "ಕಪ್ಪುಚುಕ್ಕೆ ಇಲ್ಲ ಅಂತ ಹೇಳೋನು ಸುಳ್ಳು ಹೇಳ್ದಂಗಾಯ್ತದೆ ಕಣಪ್ಪಾ. ನನ್ನಿಂದ ಅವನ್ಯಾಕೆ ಸುಳ್ಳು ಹೇಳ್ಬೇಕು?" ಎಂದಳು. ಅವನು ಅಲ್ಲೇ ಕೂತು ಕಣ್ಣೊರೆಸಿಕೊಂಡ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಆಟ ತೆಗೆಯಿರಿ ಎಂದು ಕೇಳುತ್ತಿಲ್ಲ. ಅದು ಅಲ್ಲೇ ಇರಲಿ, ಮುಂದಿನ ತಪಾಸಣೆಗೆ ಬರುವ ಸಾಹೇಬರಿಗೂ ಹೊತ್ತು ಹೋಗಬೇಕಲ್ಲ. ತಮ್ಮ ತಪಾಸಣಾಧಿಕಾರಿಗಳು ಆಡಿದ್ದನ್ನು ಯಾರ ದಾಖಲೆಗೂ ಸೇರಿಸಬೇಡಿ, ಅವರಿಗೂ ಹೆಂಡತಿ ಮಕ್ಕಳಿರುತ್ತಾರೆ. ನನ್ನ ಹೆಂಡತಿಯ ಸೇವಾ ಪುಸ್ತಕದಲ್ಲಿ ತಾವು ಬರೆಸಿದ ಆ ಒಂದು ಸಾಲನ್ನು ಮಾತ್ರ ತೆಗೆಯಿರಿ. ಮೇಲೆ ಒಂದು ಗೆರೆ ಎಳೆದು ಮುಗಿಸಬೇಡಿ. ಅದು ಸುಳ್ಳಾಗಿತ್ತು ಎಂದು ಅಲ್ಲೇ ಬರೆದು, ಸಹಿ ಹಾಕಿ. ಇದಕ್ಕೆ ಬೇಕಾದ ಅಧಿಕಾರ ತಮ್ಮ ಕೈಯಲ್ಲೇ ಇದೆ, ಯಾವ ಪಾಸ್‌ವರ್ಡನ್ನೂ ಬೇರೆಯವರಲ್ಲಿ ಕೇಳಬೇಕಾಗಿಲ್ಲ. ಜನವರಿಯೊಳಗೆ ಆದರೆ ಅವಳು ಹಾರ ಹಾಕಿಸಿಕೊಳ್ಳುತ್ತಾಳೆ. ಆಗದಿದ್ದರೆ ಕೊನೆಯ ದಿನ ಸಂಜೆ ಯಂತ್ರ ಆರಿಸಿ, ಚೀಲ ಹಿಡಿದುಕೊಂಡು, ಯಾರಿಗೂ ಹೇಳದೆ ಮನೆಗೆ ನಡೆದು ಬರುತ್ತೇನೆ ಎಂದಿದ್ದಾಳೆ. ಅವಳು ಆಡಿದ ಮಾತಿಗೆ ತಪ್ಪುವವಳಲ್ಲ.

ಇಂತಿ,
ಎಲ್ಲರೆದುರು ಎಲೆ ಹಾಕಿಯೂ ಯಾರಿಂದಲೂ ನೋಟಿಸು ಪಡೆಯದ,
ಪುಟ್ಟತಾಯಮ್ಮನ ಗಂಡ ಹೊನ್ನಯ್ಯ
ಗುಬ್ಬಿ, ಜೂನ್ ೨೦೦೫