ರಾಟೆಯದ್ದಲ್ಲದ ಸದ್ದು

ಅತ್ತೆ,

ಎಣ್ಣೆ ಹಾಕುವ ಮೊದಲು ಮಗ್ಗದ ಮೇಲಿನ ರೇಷ್ಮೆಗೆ ಬಟ್ಟೆ ಹೊದಿಸಬೇಕು ಅಂತ ನೀವು ಹೇಳಿಕೊಟ್ಟಿದ್ದು ನಾನು ಸೊಸೆಯಾಗಿ ಬಂದ ಹೊಸದರಲ್ಲೇ. ಈ ಸಲ ಮರೆತೆ. ಮಗ್ಗದ ಮೇಲಿನ ಹಗ್ಗದ ರಾಟೆ ಕೀಂ ಅನ್ನುತ್ತಿದೆ ಅನ್ನಿಸಿತು. ಬೆಳಗಿನಿಂದ ಸಹಿಸಿ, ಕೊನೆಗೆ ರೇಗಿಹೋಗಿ, ಸ್ಟೂಲು ಹತ್ತಿ ಎಣ್ಣೆ ಬಿಟ್ಟೆ. ಒಂದು ತೊಟ್ಟು ನೇರ ಮದುವೆ ಸೀರೆಯ ಎಳೆಗಳ ಮೇಲೆ ಬಿತ್ತು. ನಿಮ್ಮ ಮಗ ಓಡಿ ಬಂದರು. "ರಾಟೆ ನೆಟ್ಟಗೇ ಅದಲ್ಲಮ್ಮೀ, ಯಾವ ಸದ್ದು?" ಮಗ್ಗ ನಿಲ್ಲಿಸಿದೆ. ಕೀಂ ನಿಲ್ಲಲಿಲ್ಲ. ಬೀದಿಗೆ ಹೋದೆ, ಅಲ್ಲಿಗೂ ಬಂತು. ಅದು ನನ್ನ ಎಡಗಿವಿಯೊಳಗಿತ್ತು.

ನೆನಪಿದೆಯಾ ಅತ್ತೆ, ನೀವು ಒಲೆ ಮುಂದೆ ಮುದ್ದೆ ತಿರುವುತ್ತಲೇ ನನ್ನ ಮಗ್ಗದ ಸದ್ದು ಕೇಳಿ, "ಲೇ ಸರೋಜಾ, ಎಳೆ ಓಯ್ತು ನೋಡು" ಅಂತ ಕೂಗುತ್ತಿದ್ದುದು? ನಿಮ್ಮಿಂದ ಬೈಸಿಕೊಂಡು ಬೈಸಿಕೊಂಡು, ಸದ್ದಿನಲ್ಲೇ ಎಳೆ ಹರಿದದ್ದು ತಿಳಿಯುವ ಕಿವಿ ನನಗೂ ಬಂತು. ಈಗ ಆ ಕಿವಿಯೇ ಹೀಗಾದರೆ... ಯಾರಿಗೆ ಹೇಳಲಿ? ನಿಮ್ಮ ಮಗ ಪವರ್‌ಲೂಮ್ ತರಬೇಕು ಅಂತ ಕುಣಿಯುತ್ತಿದ್ದಾರೆ, ನಾನು ಬೇಡ ಅಂತ ಹಟ ಹಿಡಿದಿದ್ದೇನೆ. ಕಿವಿ ಕೆಟ್ಟಿದೆ ಅಂತ ಗೊತ್ತಾದರೆ ಮುಗಿಯಿತು, ನನ್ನನ್ನು ಎಬ್ಬಿಸಿ ನೀವು ಬಿಟ್ಟುಹೋದ ಮಗ್ಗ ಬಿಚ್ಚಿಬಿಡುತ್ತಾರೆ.

ಬೆಳ್ಳುಳ್ಳಿ ಕಾಸಿದ ಎಣ್ಣೆಯನ್ನು ಕದ್ದು ಕಿವಿಗೆ ಬಿಟ್ಟುಕೊಂಡೆ. ಉರಿ ಬಂತು, ಸದ್ದು ಹೋಗಲಿಲ್ಲ. ಮನೆಯಲ್ಲಿ ಎಲ್ಲರ ಮೇಲೂ ಸಿಡುಕಿದೆ. ಕೊಳ್ಳೇಗಾಲದಲ್ಲಿ ತೋರಿಸಿದರೆ ಸಂಜೆಯೊಳಗೆ ಬೀದಿಗೆಲ್ಲ ಸುದ್ದಿ. ಯಳಂದೂರಿನ ತಂಗಿ ಮನೆಗೆ ಅಂತ ಸುಳ್ಳು ಹೇಳಿ ಮೈಸೂರಿಗೆ ಹೋದೆ. ಡಾಕ್ಟರಮ್ಮ ಕಿವಿಗೆ ಏನೋ ಹಾಕಿ ಕೂರಿಸಿ ಪರೀಕ್ಷೆ ಮಾಡಿದರು.

"ನಿಲ್ತದಾ ಡಾಕ್ಟ್ರೇ?"

"ನಿಲ್ಲಿಸೋ ಮಾತ್ರೆ ಇಲ್ಲಮ್ಮ. ಬಹಳ ಜನಕ್ಕೆ ಹೋಗ್ತಾ ಹೋಗ್ತಾ ರೂಢಿ ಆಗುತ್ತೆ. ತೀರಾ ನಿಶ್ಶಬ್ದದಲ್ಲಿ ಕೂರಬೇಡಿ, ಜೋರು ಸದ್ದಿಂದ ದೂರ ಇರಿ. ಎಣ್ಣೆಗಿಣ್ಣೆ ಬಿಡಬೇಡಿ."

"ಮಗ್ಗ?"

"ಕೈಮಗ್ಗ ತಾನೇ? ನೇಯಿರಿ."

ಬಸ್ ಸ್ಟ್ಯಾಂಡಿನಲ್ಲಿ ನಿಂತು ಅತ್ತುಬಿಟ್ಟೆ. ನೇಯಬಹುದು ಅಂದಿದ್ದಕ್ಕೋ, ನಿಲ್ಲುವುದಿಲ್ಲ ಅಂದಿದ್ದಕ್ಕೋ, ನನಗೇ ತಿಳಿಯಲಿಲ್ಲ.

ಮನೆಗೆ ಬಂದರೆ ಯಾರೋ ಒಬ್ಬ ಟೇಪು ಹಿಡಿದು ನಿಮ್ಮ ಮಗ್ಗದ ಜಾಗ ಅಳೆಯುತ್ತಿದ್ದ. ಪವರ್‌ಲೂಮಿನವನು! ನಾನಿಲ್ಲದ ದಿನ ನೋಡಿಯೇ ನಿಮ್ಮ ಮಗ ಕರೆಸಿದ್ದಾರೆ. ನನಗೆಲ್ಲಿತ್ತೋ ಸಿಟ್ಟು, ಅವನ ಎದುರಿಗೇ ಎಲ್ಲ ಹೇಳಿಬಿಟ್ಟೆ. ಆ ಮಿಷಿನ್ನು ಈ ಮನೆಯಲ್ಲಿ ಬಡಿದರೆ ಇರುವ ಕಿವಿಯೂ ಹೋಗುತ್ತೆ ಅಂದೆ.

"ಮೊದ್ಲೇ ಯಾಕಮ್ಮೀ ಏಳ್ಳಿಲ್ಲ?" ಅಂತ ಗದರಿದರು. ಆಮೇಲೆ ಟೇಪಿನವನಿಗೆ, "ಬೇಡ ಕಣಪ್ಪಾ, ಓಗು" ಅಂದರು.

ಅತ್ತೆ, ಮುಂದಿನದನ್ನು ನೀವು ನಂಬುವುದಿಲ್ಲ. ನಿಮ್ಮ ಎದುರು ನನ್ನ ಪಕ್ಕ ಕೂರುವುದಕ್ಕೂ ನಾಚುತ್ತಿದ್ದ ನಿಮ್ಮ ಮಗ, ಟೇಪಿನವನು ಹೊಸಿಲು ದಾಟುವ ಮೊದಲೇ, ಹತ್ತಿರ ಬಂದು ತಮ್ಮ ಕಿವಿಯನ್ನು ನನ್ನ ಕಿವಿಗೆ ಒತ್ತಿ ಹಿಡಿದು ನಿಂತರು. ಉಸಿರು ಬಿಗಿಹಿಡಿದು ಕೇಳಿದರು. "ನಂಗೇನೂ ಕೇಳುಸ್ತಿಲ್ಲ ಕಣಮ್ಮೀ" ಅಂದರು.

ಸದ್ದು ಈಗಲೂ ಇದೆ. ನಿಮ್ಮ ಮಗನ ಗಡ್ಡ ಚುಚ್ಚಿದ ಕೆನ್ನೆ ಇನ್ನೂ ಉರಿಯುತ್ತಿದೆ.